ಶಿಫ್ಟ್ ಮೀಟಿಂಗಿನಲ್ಲಿ ನನ್ನ ಇಂಗ್ಲಿಷ್

ಇಂಗ್ಲಿಷ್ ವ್ಯಾಕರಣದಲ್ಲಿ ನನ್ನನ್ನು ಮೀರಿಸುವವರು ನಮ್ಮ ಶಾಲೆಯಲ್ಲಿ ಇರಲಿಲ್ಲ. ಜಂಬವಲ್ಲ, ನಿಜ. ಮನೆಮಾತು ಕನ್ನಡವಾದರೂ ಓದಿದ್ದು ತಮಿಳು ಶಾಲೆ; ಮೇಷ್ಟ್ರು ತಮಿಳಿನಲ್ಲಿ ವಿವರಿಸಿದ ಸೂತ್ರಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆ. ಆದರೆ ಹೊಸೂರಿನ ಕಾರ್ಖಾನೆ ಸೇರಿ ಆರು ವರ್ಷವಾದರೂ ಬಾಯಿಂದ ಒಂದು ಇಂಗ್ಲಿಷ್ ವಾಕ್ಯ ಹೊರಟಿರಲಿಲ್ಲ.

ಆಗ ನಮ್ಮ ಲೈನಿಗೆ ಲೀಡರ್ ಬೇಕಾಯಿತು. ಕೆಲಸ ನನಗೆ ನೀರು ಕುಡಿದಷ್ಟು ಸಲೀಸು. ತೊಡಕು ಒಂದೇ: ಶಿಫ್ಟ್ ಬದಲಾಗುವಾಗ ಯಾವ ಮೆಷಿನ್ ಹೇಗಿದೆ ಎಂದು ಲೀಡರ್ ಆದವರು ಮ್ಯಾನೇಜರ್ ಮುಂದೆ ನಿಂತು ಹೇಳಬೇಕು. ಉತ್ತರದ ಕಡೆಯ ಆ ಮನುಷ್ಯನಿಗೆ ಕನ್ನಡ, ತಮಿಳು, ತೆಲುಗು ಮೂರೂ ಬಾರದು. ಒಂದು ವಾರ ನೀನು ಹೇಳು, ಆಮೇಲೆ ನೋಡೋಣ ಎಂದರು ಮ್ಯಾನೇಜರ್.

ಮೊದಲ ದಿನ ಮೂರನೇ ಮೆಷಿನ್ ಎಣ್ಣೆ ಸೋರುತ್ತಿತ್ತು. ಮನಸ್ಸಿನಲ್ಲಿ ಕನ್ನಡದಲ್ಲಿ ಹುಟ್ಟಿದ ಮಾತನ್ನು ತಮಿಳಿಗೆ ತಂದೆ, ಸೂತ್ರಗಳು ಇದ್ದದ್ದೇ ಅಲ್ಲಿ! ಅಲ್ಲಿಂದ ಇಂಗ್ಲಿಷಿಗೆ ಸಾಗಿಸುವಷ್ಟರಲ್ಲಿ ಮೀಟಿಂಗ್ ಮುಗಿದು ಎಲ್ಲರೂ ಕಂಪನಿ ಬಸ್ಸಿನತ್ತ ಹೊರಟಿದ್ದರು. ನಾಚಿಕೆಯಿಂದ ಕುಗ್ಗಿಹೋದೆ.

ಹೊಸೂರಿನ ಪಕ್ಕದ ಮತ್ತಿಗಿರಿಯ ನಮ್ಮ ಮನೆಯಲ್ಲಿ ಅತ್ತೆ ಸೊಪ್ಪಿನ ಕಟ್ಟು ಕಟ್ಟುತ್ತಿದ್ದರು. ಸಹಿ ಹಾಕಲು ಬಾರದಿದ್ದರೂ ಮೂರು ಭಾಷೆಯಲ್ಲಿ ಜಗಳವಾಡಿ ಸೊಪ್ಪು ಮಾರುವ ಹೆಂಗಸು. ನನ್ನ ಗೋಳು ಕೇಳಿ ನಕ್ಕರು.

"ನಾನು ತೆಲುಗು ಯಾವ್ ಇಸ್ಕೂಲ್ನಾಗೆ ಕಲ್ತೆ ಅಮ್ಮಿ? ತಪ್ಪೋ ಒಪ್ಪೋ ಮಾತಾಡ್ಬುಟ್ಟೆ. ನಕ್ಕೋರೇ ತಿದ್ದುದ್ರು. ನೀನು ಬಾಯೇ ಬಿಡ್ದಿದ್ರೆ ಯಾರೇನ್ ತಿದ್ದಾರು?"

ಸಿಟ್ಟು ಬಂತು, ಆದರೆ ಮಾತು ನಾಟಿತು. ಮರುದಿನ ಕಣ್ಣುಮುಚ್ಚಿ ಹೇಳಿಬಿಟ್ಟೆ: "ತ್ರೀ ಮೆಷಿನ್ ಆಯಿಲ್ ಲೀಕ್. ಯೆಸ್ಟರ್ಡೇ ಆಲ್ಸೋ ಲೀಕ್. ಐ ನಾಟ್ ಟೆಲ್. ಪ್ಲೀಸ್ ಸ್ಟಾಪ್."

ಹಿಂದೆ ಯಾರೋ ಕಿಸಕ್ಕೆಂದರು. ಮ್ಯಾನೇಜರ್ ನಗಲಿಲ್ಲ. ನೆಟ್ಟಗೆ ನಡೆದು ಮೆಷಿನ್ ನಿಲ್ಲಿಸಿದರು, ಮೆಕ್ಯಾನಿಕ್‌ನನ್ನು ಕರೆಸಿದರು. ನನ್ನ ಮುರುಕು ಮಾತಿಗೆ ಅಷ್ಟು ದೊಡ್ಡ ಮೆಷಿನ್ ನಿಂತಿತ್ತು! ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಂದು ಮನೆಗೆ ಬಂದವಳೇ ಟ್ರಂಕಿನಿಂದ ಹಳೆಯ ವ್ಯಾಕರಣದ ನೋಟ್ಸ್ ತೆಗೆದು, ನಾನೇ ಆಡಿದ ನಾಲ್ಕು ವಾಕ್ಯಗಳನ್ನು ತಿದ್ದಿದೆ. ವರ್ಷಗಟ್ಟಲೆ ಉರು ಹೊಡೆದ ಸೂತ್ರಗಳು ಯಾತಕ್ಕೆಂದು ಮೊದಲ ಸಲ ತಿಳಿಯಿತು. ದಿನಾ ಹಾಗೇ ಮಾಡಿದೆ: ಮೀಟಿಂಗಿನಲ್ಲಿ ತಪ್ಪು, ಮನೆಯಲ್ಲಿ ತಿದ್ದುಪಡಿ. ಗುರುವಾರದ ಹೊತ್ತಿಗೆ ಕಿಸಕ್ಕೆನ್ನುವವರು ಸುಮ್ಮನಾದರು. ಶನಿವಾರ ಮ್ಯಾನೇಜರ್ ಕೈಕುಲುಕಿ, ಸೋಮವಾರದಿಂದ ಲೈನ್ ನಿನ್ನದು ಎಂದರು.

ಸುದ್ದಿಯನ್ನು ಅತ್ತೆಗೆ ಒಂದು ತಪ್ಪೂ ಇಲ್ಲದ ಇಂಗ್ಲಿಷಿನಲ್ಲೇ ಹೇಳಿದೆ. ಅವರು ಸೊಪ್ಪಿನ ಕಟ್ಟು ಕೆಳಗಿಟ್ಟು ನನ್ನ ಮುಖ ನೋಡಿದರು.

"ಗೆದ್ಬುಟ್ಟೆ ಅನ್ನು!"