ಈ ಡಿಫರೆನ್ಷಿಯಲ್ ಯಾರು ಆರಿಸಿದ್ದು?

ನನ್ನ ಗಂಡನಿಗೆ ಕಾರು ಓಡಿಸಲು ಬರುವುದಿಲ್ಲ. ಇದನ್ನು ನಮ್ಮ ಹೊಸಪೇಟೆಯಲ್ಲಿ ಯಾರೂ ನಂಬಲು ತಯಾರಿಲ್ಲ. ಅವರು ಕಮಲಾಪುರದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಾರೆ, ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಾರೆ. ಲೈಸೆನ್ಸ್ ಇಲ್ಲ, ಬೇಕೆಂಬ ಆಸೆಯೂ ಇಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಕಲಿಸಲು ಹೋಗಿದ್ದೆ. ಡ್ಯಾಮಿನ ರಸ್ತೆಯಲ್ಲಿ ಎದುರಿಗೆ ಒಂದು ಎಮ್ಮೆ ಬಂತು. ಇವರು ಕಾರು ನಿಲ್ಲಿಸಿದರು, ಇಳಿದರು, ಎಮ್ಮೆ ಹೋಗುವ ತನಕ ಕೈಕಟ್ಟಿ ನಿಂತರು, ಆಮೇಲೆ ನನ್ನ ಪಕ್ಕದ ಬಾಗಿಲು ತೆರೆದು "ನೀನ ಓಡ್ಸವ್ವಾ ತಾಯಿ" ಎಂದರು. ಅಲ್ಲಿಗೆ ಆ ಪಾಠ ಮುಗಿಯಿತು.

ನಾನಾದರೋ ಡಿಪ್ಲೊಮಾ ಕಾಲೇಜಿನಲ್ಲಿ ಆಟೊಮೊಬೈಲ್ ವಿಭಾಗದ ಲೆಕ್ಚರರ್. ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವುದನ್ನು ಹುಡುಗರಿಗೆ ಕಲಿಸಿ ಹೊಟ್ಟೆ ಹೊರೆಯುವವಳು. ಆದರೂ ಗಾಡಿಯ ಮಾತು ಬಂತೆಂದರೆ ಜನ ನನ್ನನ್ನು ದಾಟಿ ಅವರ ಮುಖ ನೋಡುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಸ್ಟೀರಿಂಗ್ ಹಿಡಿದು ಕೂತವಳು ನಾನು, "ಎಷ್ಟಕ್ಕ ಹಾಕ್ಲಿ ಸರ್?" ಎಂಬ ಪ್ರಶ್ನೆ ಅವರಿಗೆ. ಇಷ್ಟು ವರ್ಷದಲ್ಲಿ ಈ ಸಿಟ್ಟು ಒಂದು ರೀತಿ ಒಗ್ಗಿಹೋಗಿತ್ತು. ಅದನ್ನು ಮತ್ತೆ ಕೆದಕಿದ್ದು ಡಿಫರೆನ್ಷಿಯಲ್.

ನನ್ನ ಬಳಿ ಒಂದು ಸ್ಪೋರ್ಟ್ಸ್ ಕಾರಿದೆ. ಹೆಸರು ಕೇಳಿ ದೊಡ್ಡದೇನೋ ಅಂದುಕೊಳ್ಳಬೇಡಿ. ಬಳ್ಳಾರಿಯ ಹವ್ಯಾಸಿಯೊಬ್ಬರು ತಮ್ಮ ಶೆಡ್ಡಿನಲ್ಲಿ ಕೈಯಾರೆ ಕಟ್ಟಿ, ಓಡಿಸಿ, ಸೊಂಟ ನೋವು ಬಂದ ಮೇಲೆ ನನಗೆ ಮಾರಿದ್ದು. ಪೈಪಿನ ಚೌಕಟ್ಟು, ಫೈಬರ್ ಮೈ, ಹಳೆಯ ಜೀಪಿನ ಹಿಂದಿನ ಆಕ್ಸಲ್, ಎರಡೇ ಸೀಟು. ನಾಲ್ಕು ಜನ ಮನಸ್ಸು ಮಾಡಿದರೆ ಎತ್ತಿ ಪಕ್ಕಕ್ಕಿಡಬಹುದು. ನಮ್ಮತ್ತೆ ಅದನ್ನು ಮೊದಲ ಸಲ ನೋಡಿದಾಗ "ಉಳಿದಿದ್ದು ಯಾವಾಗ ಬರ್ತೈತಿ?" ಎಂದು ಕೇಳಿದ್ದರು. ನನಗೆ ಮಾತ್ರ ಅದೆಂದರೆ ಪ್ರಾಣ. ಭಾನುವಾರ ಬೆಳಿಗ್ಗೆ ಸಂಡೂರಿನ ಗುಡ್ಡದ ತಿರುವುಗಳಲ್ಲಿ ಅದು ಹರಿದಾಡುವಾಗ ವಾರವಿಡೀ ನುಂಗಿದ ಸೀಮೆಸುಣ್ಣದ ಪುಡಿಯೆಲ್ಲ ಹೊರಗೆ ಹೋದಂತೆ ಹಗುರವಾಗುತ್ತದೆ.

ಇನ್ನು ಡಿಫರೆನ್ಷಿಯಲ್. ಅದೇನೆಂದು ಉದ್ದಕ್ಕೆ ಕೇಳಬೇಡಿ, ಕೇಳಿದರೆ ಬೋರ್ಡು ಹುಡುಕುತ್ತೇನೆ. ಎತ್ತಿನ ಬಂಡಿ ತಿರುಗುವುದನ್ನು ನೋಡಿದ್ದೀರಲ್ಲ? ತಿರುವಿನ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಬಂಡಿಗೆ ಅದರಿಂದ ತೊಂದರೆಯಿಲ್ಲ. ಎಳೆಯುವುದು ಎತ್ತು, ಚಕ್ರಗಳು ತಮ್ಮ ಪಾಡಿಗೆ ತಾವು ಉರುಳುತ್ತವೆ. ಕಾರಿನಲ್ಲಿ ಚಕ್ರಗಳೇ ದುಡಿಯಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ತಿರುವಿನಲ್ಲಿ ಎಳೆದಾಟ ಶುರು. ಅದಕ್ಕಾಗಿ ನಡುವೆ ಹಲ್ಲುಚಕ್ರಗಳ ಒಂದು ಗೂಡು ಇಟ್ಟು, ಅವಕ್ಕೆ ಬೇಕಾದ ವೇಗದಲ್ಲಿ ಅವು ತಿರುಗಲಿ ಎಂದು ಬಿಟ್ಟರು. ಅದೇ ಡಿಫರೆನ್ಷಿಯಲ್.

ಬಲು ಜಾಣ ಯಂತ್ರ, ಆದರೆ ನ್ಯಾಯವಿಲ್ಲ. ಒಂದು ಚಕ್ರ ಕೆಸರಿನಲ್ಲಿ ಜಾರಿತೆನ್ನಿ, ತಿರುಗಾಟವನ್ನೆಲ್ಲ ಆ ಜಾರುವ ಚಕ್ರಕ್ಕೇ ಕೊಟ್ಟು ಕೂರುತ್ತದೆ. ಗಟ್ಟಿ ನೆಲದ ಮೇಲೆ ನಿಂತು ದುಡಿಯಲು ಸಿದ್ಧವಿರುವ ಚಕ್ರ ಬಿಟ್ಟಕಣ್ಣು ಬಿಟ್ಟು ನಿಂತಿರುತ್ತದೆ. ಕಳೆದ ಮಳೆಗಾಲದಲ್ಲಿ ಸಂಡೂರಿನ ದಾರಿಯ ವಡ್ಡು ಎಂಬ ಹಳ್ಳಿ ದಾಟಿದ ಮೇಲೆ ಅದಿರಿನ ಲಾರಿಗೆ ದಾರಿ ಬಿಡಲು ರಸ್ತೆಯ ಅಂಚಿಗೆ ಇಳಿಸಿದೆ. ಎಡಗಡೆಯ ಚಕ್ರ ಕೆಂಪು ರಾಡಿಯಲ್ಲಿ ಕೂತು ಗಿರಗಿರ ತಿರುಗತೊಡಗಿತು. ಬಲಗಡೆಯದು ಡಾಂಬರಿನ ಮೇಲೆ ತಣ್ಣಗೆ ನಿಂತಿತ್ತು. ತಳ್ಳಲು ಇಳಿದ ನನ್ನ ಗಂಡ ತಲೆಯಿಂದ ಕಾಲಿನವರೆಗೆ ಕೆಂಪಾದರು. ಹೊಲದಿಂದ ಓಡಿಬಂದವರು ಆ ಕೆಂಪು ಮನುಷ್ಯನಿಗೇ ಹೇಳಿದರು: "ಸರ್, ಸ್ವಲ್ಪ ರೇಸ್ ಕಮ್ಮಿ ಮಾಡ್ರಿ." ರೇಸ್ ಕೊಡುವ ಕಾಲು ನನ್ನದು, ನಾನು ಅಲ್ಲೇ ಕೂತಿದ್ದೆ.

ಅಂದೇ ನಿರ್ಧರಿಸಿದೆ, ಇದಕ್ಕೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸಬೇಕು. ಅಂದರೆ ಜಾರುವ ಚಕ್ರಕ್ಕೆ 'ಇಷ್ಟು ಸಾಕು' ಎಂದು ಹೇಳಿ ಉಳಿದದ್ದನ್ನು ಇನ್ನೊಂದಕ್ಕೆ ಕೊಡುವಂಥದ್ದು. ಜೊತೆಗೆ ಇನ್ನೊಂದನ್ನೂ ನಿರ್ಧರಿಸಿದೆ: ಇದನ್ನು ನಾನೇ ಆರಿಸಬೇಕು, ನಾನು ಆರಿಸಿದ್ದೆಂದು ನಾಲ್ಕು ಜನರಿಗೆ ಗೊತ್ತಾಗಲೂಬೇಕು. ಮೊದಲನೆಯದು ಕಾರಿನ ವಿಷಯ, ಎರಡನೆಯದು ನನ್ನ ಮಾನದ ವಿಷಯ.

ಆರಿಸುವುದು ಸುಲಭವಲ್ಲ. ಒಂದು, ಪ್ಲೇಟಿನದು. ಒಳಗೆ ಬಿಲ್ಲೆಗಳ ಸಾಲು, ಒಂದಕ್ಕೊಂದು ಒತ್ತಿಕೊಂಡು ಎರಡು ಚಕ್ರಗಳನ್ನೂ ಹಿಡಿದಿಡುತ್ತವೆ. ಚಕ್ರ ಗಾಳಿಯಲ್ಲಿ ತೇಲಿದರೂ ಬಿಡುವುದಿಲ್ಲ. ಆದರೆ ಬಿಲ್ಲೆ ಸವೆಯುತ್ತದೆ, ಬೇರೆ ಎಣ್ಣೆ ಕೇಳುತ್ತದೆ, ನಿಧಾನದ ತಿರುವಿನಲ್ಲಿ ಕಟಕಟ ಎನ್ನುತ್ತದೆ. ಇನ್ನೊಂದು, ಹೆಲಿಕಲ್. ಓರೆ ಹಲ್ಲಿನ ಚಕ್ರಗಳು, ಸದ್ದಿಲ್ಲ, ಸವೆತ ಕಡಿಮೆ, ಹಾಕಿ ಮರೆತುಬಿಡಬಹುದು. ಆದರೆ ಒಂದು ಚಕ್ರ ಪೂರ್ತಿ ನೆಲ ಬಿಟ್ಟರೆ ಅದೂ ಕೈಚೆಲ್ಲುತ್ತದೆ. ಹಗುರ ಗಾಡಿ ಬಿರುಸಿನ ತಿರುವಿನಲ್ಲಿ ಒಳಗಿನ ಚಕ್ರ ಎತ್ತುವುದುಂಟು. ಈ ಎರಡರ ನಡುವೆ ಒಂದು ಸೀರೆ ಅಂಗಡಿಯಲ್ಲಿ ಕಳೆಯುವಷ್ಟು ಹೊತ್ತು ನಾನು ತಲೆ ಕೆಡಿಸಿಕೊಂಡೆ, ಆಮೇಲೆ ಇನ್ನೂ ನಾಲ್ಕು ಸೀರೆ ಅಂಗಡಿಗಳಷ್ಟು.

ಕೇಳಿದರೆ ತಪ್ಪೇನು ಎಂದು ಕೇಳಿಯೂ ಬಂದೆ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ಗಂಡನನ್ನು ಕರೆದುಕೊಂಡು ಹೋಗಿದ್ದೇ ತಪ್ಪು. ಭಾನುವಾರ ಮನೆಯಲ್ಲಿ ಒಬ್ಬರೇ ಇರುತ್ತಾರಲ್ಲ ಎಂದು ಕರೆದೊಯ್ದಿದ್ದೆ.

ಸಂಡೂರಿನಲ್ಲಿ ಲಾರಿ ಆಕ್ಸಲ್ ರಿಪೇರಿ ಮಾಡುವ ಒಬ್ಬರು ನನ್ನ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡು ಇವರ ಕಡೆ ತಿರುಗಿದರು. "ಸರ್, ಅದೆಲ್ಲ ಯಾಕ್ರಿ? ಒಳಗಿನ ಗೇರಿಗೆ ವೆಲ್ಡಿಂಗ್ ಹೊಡೀರಿ. ಎರಡೂ ಗಾಲಿ ಒಂದಾಗಿಬಿಡ್ತಾವ." ತಿರುವಿನಲ್ಲಿ ಟೈರುಗಳು ಅಳುತ್ತವಲ್ಲ ಎಂದೆ ನಾನು. "ಟೈರ್ ಅಳ್ಲಿ ಬಿಡ್ರಿ ಸರ್" ಎಂದು ಇವರಿಗೇ ಉತ್ತರ ಕೊಟ್ಟರು. ಇವರು ಗಂಭೀರವಾಗಿ ತಲೆಯಾಡಿಸಿ, "ಹಂಪಿ ಕಲ್ಲಿನ ರಥದ ಗಾಲಿನೂ ಹಿಂಗ ಸಿಮೆಂಟ್ ಹಾಕಿ ನಿಲ್ಸ್ಯಾರ" ಎಂದರು. ಇಬ್ಬರೂ ನಕ್ಕರು. ನಾನು ನಗಲಿಲ್ಲ.

ಕಂಪ್ಲಿಯಲ್ಲಿ ನನ್ನ ತಮ್ಮ ಬಸವರಾಜ ಭತ್ತದ ಗದ್ದೆಯಲ್ಲಿ ಟ್ರ್ಯಾಕ್ಟರ್ ಇಳಿಸುವವನು. ಟ್ರ್ಯಾಕ್ಟರಿನಲ್ಲಿ ಎರಡು ಚಕ್ರಗಳನ್ನೂ ಒಂದು ಮಾಡುವ ಪೆಡಲ್ ಇರುತ್ತದೆ, ಹೂತುಕೊಂಡರೆ ಒತ್ತಿ ಎದ್ದುಬರುತ್ತಾರೆ. ಒಡಹುಟ್ಟಿದವನಾದರೂ ನನ್ನ ಮುಖ ನೋಡಿಯಾನು ಎಂದುಕೊಂಡಿದ್ದೆ. "ಮಾಮಾ, ಅಕ್ಕನ ಗಾಡಿಗೂ ಒಂದು ಪೆಡಲ್ ಇಡ್ಸಿಬಿಡ್ರಿ. ಕಾಲಾಗ ಒತ್ತಿದ್ರಾತು" ಎಂದ. ಅಕ್ಕನ ಗಾಡಿ ಎಂಬುದು ಅವನಿಗೆ ಗೊತ್ತು, ಆದರೂ ಇಡಿಸಬೇಕಾದವರು ಮಾಮ. ನಾನು ಚಹಾ ಕುಡಿಯದೆ ಎದ್ದೆ. ಅದನ್ನೂ ಅವನು "ಮಾಮಾ, ಅಕ್ಕಗ ಏನಾತು?" ಎಂದು ಅವರನ್ನೇ ಕೇಳಿದ.

ಅಷ್ಟಾದರೂ ಸಹಿಸಿಕೊಳ್ಳುತ್ತಿದ್ದೆ. ಮನೆಗೆ ಬಂದ ಮೇಲೆ ಇವರು "ನಂಗೇನ್ ತಿಳಿತೈತಿ, ನೀನು ಹೇಳಿದ್ದ ಸರಿ" ಎನ್ನುತ್ತಿದ್ದರಲ್ಲ, ಅದೇ ನನ್ನ ಮುಲಾಮು. ಆದರೆ ಊರೆಲ್ಲ ಸೇರಿ ಒಬ್ಬ ಮನುಷ್ಯನಿಗೇ ವಿವರಿಸುತ್ತ ಹೋದರೆ ಏನಾಗುತ್ತದೆ? ಆ ಮನುಷ್ಯನಿಗೆ ವಿಷಯ ತಿಳಿದುಬಿಡುತ್ತದೆ. ಒಂದು ದಿನ ಊಟಕ್ಕೆ ಕೂತವರು ರೊಟ್ಟಿ ಮುರಿಯುತ್ತಾ, "ಅಲ್ಲ, ಪ್ಲೇಟಿಂದು ಹಾಕ್ಸಿದ್ರ ಪ್ರೀಲೋಡ್ ಎಷ್ಟು ಇಡ್ತಾರ?" ಎಂದರು. ಬಿಲ್ಲೆಗಳನ್ನು ಮೊದಲೇ ಎಷ್ಟು ಒತ್ತಿ ಬಿಗಿದಿಡಬೇಕೆಂಬ ಲೆಕ್ಕ ಅದು. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಎಮ್ಮೆಗೆ ದಾರಿ ಬಿಡಲು ಇಳಿದು ನಿಂತ ಮನುಷ್ಯ! ಕಾಲೇಜಿನಲ್ಲಿ ಮೂರು ವರ್ಷ ಓದಿ ಪಾಸಾಗುವ ಹುಡುಗರ ಬಾಯಲ್ಲಿ ಬಾರದ ಪ್ರಶ್ನೆ ಇವರ ಬಾಯಲ್ಲಿ, ಅದೂ ಪುಂಡಿಪಲ್ಯದ ಜೊತೆ.

ಅಷ್ಟರಲ್ಲಿ ನಾನು ಮನಸ್ಸಿನಲ್ಲೇ ತೀರ್ಮಾನಕ್ಕೆ ಬಂದಿದ್ದೆ: ಹೆಲಿಕಲ್. ವರ್ಷಕ್ಕೊಮ್ಮೆ ಸಂಡೂರಿನ ಕಡೆ, ನಿಂತುಹೋದ ಗಣಿಯೊಂದರ ರಸ್ತೆಯಲ್ಲಿ ನಮ್ಮಂಥ ಹುಚ್ಚರು ಸೇರಿ ಗಾಡಿ ಓಡಿಸುವುದುಂಟು. ಅಂದು ಮಾತ್ರ ನನ್ನ ಚಕ್ರ ನೆಲ ಬಿಡುತ್ತದೆ. ಉಳಿದ ದಿನವೆಲ್ಲ ಕಾಲೇಜು, ಸಂತೆ, ಇವರ ಅತಿಥಿಗಳನ್ನು ಹಂಪಿಗೆ ಬಿಡುವುದು. ಅದಕ್ಕೆ ಹೆಲಿಕಲ್ಲೇ ಸರಿ. ಶನಿವಾರ, ಮೊದಲೇ ಬೆಲೆ ವಿಚಾರಿಸಿದ್ದ ಬಿಡಿಭಾಗದ ಅಂಗಡಿಯ ಶರಣಪ್ಪನವರಲ್ಲಿಗೆ ಹೋಗಿ ಆರ್ಡರ್ ಕೊಡುವುದೆಂದು ಹೊರಟೆ. ಇವರೂ ಜೊತೆಗೆ ಹೊರಟರು.

ಶರಣಪ್ಪ ಎದ್ದುನಿಂತರು. "ಬರ್ರಿ ಸರ್, ಕುಂದ್ರಿ. ಯಾವ್ದು ಫೈನಲ್ ಮಾಡಿದ್ರಿ?"

ನಾನು ಬಾಯಿ ತೆರೆದೆ. ಮಾತು ಮಾತ್ರ ಪಕ್ಕದಿಂದ ಬಂತು. "ನನ್ನ ಲೆಕ್ಕದಾಗ ಹೆಲಿಕಲ್ ಭಾಳ ಚಲೋ ರೀ. ದಿನಾ ಓಡ್ಸೋ ಗಾಡಿಗೆ ಪ್ಲೇಟಿಂದು ಬ್ಯಾಡ. ಸೌಂಡ್ ಬರ್ತೈತಿ."

"ಕರೆಕ್ಟ್ ಸರ್! ನೀವು ಬಿಡ್ರಿ, ಮಸ್ತ್ ತಿಳ್ಕೊಂಡೀರಿ" ಎಂದರು ಶರಣಪ್ಪ. ನನ್ನ ಗಂಡ ನಾಚಿಕೊಂಡರು. ಮದುವೆಯ ದಿನವೂ ಅಷ್ಟು ನಾಚಿರಲಿಲ್ಲ.

ನನ್ನ ಅವಸ್ಥೆ ಯೋಚಿಸಿ. ಅವರು ಹೇಳಿದ್ದು ಅಕ್ಷರಶಃ ಸರಿ. ನಾನು ಹೇಳಬೇಕೆಂದಿದ್ದೂ ಅದೇ. ಈಗ ಹೆಲಿಕಲ್ ಎಂದರೆ ಈ ಗಾಡಿ ಇರುವ ತನಕ ಅದು ಸರ್ ಆರಿಸಿದ ಡಿಫರೆನ್ಷಿಯಲ್. ಬೇರೆಯದು ಎಂದರೆ ನನ್ನದು, ಆದರೆ ತಪ್ಪು. ಇಪ್ಪತ್ತು ವರ್ಷ ಪಾಠ ಹೇಳಿದ ಬುದ್ಧಿ ಒಂದು ಕಡೆ ಎಳೆಯಿತು, ಹೊಟ್ಟೆಯೊಳಗಿನ ಉರಿ ಇನ್ನೊಂದು ಕಡೆ. ಗೆದ್ದದ್ದು ಯಾವುದೆಂದು ಹೇಳಬೇಕೆ?

"ಪ್ಲೇಟಿನದು ತರಿಸಿ" ಎಂದೆ.

ಶರಣಪ್ಪ ಇವರ ಮುಖ ನೋಡಿದರು. ಇವರು ನನ್ನ ಮುಖ ನೋಡಿದರು. ಏನು ಕಂಡಿತೋ, "ಅಕಿ ಹೇಳಿದಂಗ ಮಾಡ್ರಿ" ಎಂದರು. ದಾರಿಯಲ್ಲಿ ನಾನು ಚಕ್ರ ಗಾಳಿಯಲ್ಲಿ ತೇಲುವುದರ ಬಗ್ಗೆ ದೊಡ್ಡ ವಾದ ಮಂಡಿಸಿದೆ. ಅವರು ಎದುರಾಡಲಿಲ್ಲ. ಅದರಿಂದ ನನ್ನ ಸಿಟ್ಟು ಇನ್ನಷ್ಟು ಹೆಚ್ಚಿತು.

ಈಗ ಹಾಕಿಸಿ ಆಗಿದೆ. ಗುಡ್ಡದ ತಿರುವಿನಲ್ಲಿ ಗಾಡಿ ನೆಲಕ್ಕೆ ಅಂಟಿಕೊಂಡು ಏರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಊರೊಳಗೆ? ಶೆಡ್ಡಿನಿಂದ ಹೊರಗೆ ತಿರುಗಿಸಿದರೆ ಕಟಕಟ, ತರಕಾರಿ ಮಾರುಕಟ್ಟೆಯ ಮೂಲೆಯಲ್ಲಿ ಕಟಕಟ, ಕಾಲೇಜಿನ ಗೇಟಿನಲ್ಲಿ ಪ್ರಿನ್ಸಿಪಾಲರ ಎದುರಿಗೂ ಕಟಕಟ. ಎಣ್ಣೆ ಬದಲಿಸಿದೆ, ಸದ್ದು ಸ್ವಲ್ಪ ತಗ್ಗಿತು, ಹೋಗಲಿಲ್ಲ.

ಮೊನ್ನೆ ನಮ್ಮ ಓಣಿಯ ತಿರುವಿನಲ್ಲಿ ಹಾಲಿನ ಅಂಗಡಿಯವರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಬಗ್ಗಿ ಇವರ ಕಡೆ ನೋಡಿ, "ಸರ್, ಹಿಂದ ಏನೋ ಬಿಚ್ಚಿ ಬೀಳಂಗ ಐತಲ್ರಿ. ಏನ್ ಹಾಕ್ಸೀರಿ?" ಎಂದು ಕೇಳಿದರು.

ನನ್ನ ಗಂಡ ಎರಡೂ ಕೈ ಮೇಲೆತ್ತಿದರು. "ನನ್ನ ಕೇಳಬ್ಯಾಡ್ರಿ. ಅದು ಪೂರಾ ಮೇಡಮ್ಮಾರು ಆರ್ಸಿದ್ದು."

ಹಾಲಿನವರು ತಿರುಗಿ ನನ್ನನ್ನು ನೋಡಿದರು. ಕಣ್ಣಿಗೆ ಕಣ್ಣಿಟ್ಟು, ನಾನಿರುವುದು ಆಗಷ್ಟೇ ಕಂಡವರ ಹಾಗೆ. "ಹೌದೇನ್ರಿ? ಇಂಥದ್ದು ಯಾಕ ಹಾಕ್ಸಿದ್ರಿ ಮೇಡಮ್ಮಾರ?"

ನಾನು ಎಂಜಿನ್ ಬಂದ್ ಮಾಡಿ ಕೆಳಗಿಳಿದೆ. "ಎತ್ತಿನ ಬಂಡಿ ತಿರುಗೋದು ನೋಡೀರಲ್ರಿ..." ಎಂದು ಶುರು ಮಾಡಿದೆ. ಹಿಂದೆ ಆಟೋಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಹೊಡೆಯಲಿ.