ಉಪ್ಪಿನ ಬಯಲಿನ ಟೂರಿನ ಅಕ್ಕ

1996ರಲ್ಲಿ, ಒಂಬತ್ತನೇ ತರಗತಿಗೆ, ನಾನು ಓದು ನಿಲ್ಲಿಸಿದೆ. ಆಮೇಲೆ ಕಲಿತದ್ದೆಲ್ಲ ಅಡುಗೆಮನೆಗಳಲ್ಲೇ. ಸ್ಪ್ಯಾನಿಷ್ ಕೂಡ, ವಿದೇಶಕ್ಕೆ ಬಂದ ಮೇಲೆ ಸ್ಯಾನ್ ಮಟಿಯೋದ ಹೋಟೆಲಿನಲ್ಲಿ ನನ್ನ ಜೊತೆ ಪಾತ್ರೆ ತೊಳೆಯುತ್ತಿದ್ದ ಮೆಕ್ಸಿಕೋದವರಿಂದ. ಅದು ನನಗೆ ಹೆಮ್ಮೆಯೇ.

ಮೊನ್ನೆ ಇಲ್ಲೇ ಎವರ್‌ಗ್ರೀನ್ ಬಡಾವಣೆಯ ಹತ್ತಿರದ ಬೇಕರಿಯೊಂದರಲ್ಲಿ ಸೋಂಪು ಹಾಕಿದ ಬ್ರೆಡ್ಡು ಆಗತಾನೇ ಒಲೆಯಿಂದ ಇಳಿದಿತ್ತು. ಆ ವಾಸನೆಗೆ ನಿಂತಲ್ಲೇ ನಿಂತುಬಿಟ್ಟೆ. "ಅಪ್ಪಾ, ಲೈನು ಮೂವ್ ಆಯ್ತು," ಎಂದು ಮಗಳು ಬೆನ್ನು ತಳ್ಳಿದಳು.

ಪಾತ್ರೆ ತೊಳೆಯುತ್ತಿದ್ದ ಆ ಹೋಟೆಲು ರಿಪೇರಿಗೆಂದು ಮುಚ್ಚಿದ್ದ ವರ್ಷ, ಬೆನ್ನಿಗೊಂದು ಚೀಲ ಏರಿಸಿಕೊಂಡು ಒಬ್ಬನೇ ಬೊಲಿವಿಯಾಕ್ಕೆ ಹೋಗಿದ್ದೆ. ಕಣ್ಣು ಹಾಯುವಷ್ಟೂ ಉಪ್ಪೇ ಹಾಸಿದ ಬಯಲು, ಅದರ ಅಂಚಿನಲ್ಲೊಂದು ಚಿಕ್ಕ ಊರು. ಧೂಳು, ಜೀಪುಗಳು, ಟೂರು ಮಾಡಿಸುವ ಅಂಗಡಿಗಳು. ನಾನು ಹೊಕ್ಕ ಅಂಗಡಿಯಲ್ಲಿ ಎರಡು ಜಡೆಯ, ದುಂಡು ಟೋಪಿಯ ಹೆಂಗಸೊಬ್ಬಳು ಕೂತಿದ್ದಳು. ನನಗಿಂತ ದೊಡ್ಡವಳು, ಮನಸ್ಸಿನಲ್ಲೇ ಅಕ್ಕ ಎಂದುಕೊಂಡೆ. ನಾನು ಬಾಯಿಬಿಟ್ಟಿದ್ದೇ ತಡ, ನಕ್ಕಳು.

"ಮುಖ ಇಂಡಿಯಾದ್ದು, ಮಾತು ಮೆಕ್ಸಿಕೋದ್ದು. ಯಾರಪ್ಪಾ ನಿಂಗೆ ಮೇಷ್ಟ್ರು?"

"ಪಾತ್ರೆ ತೊಳೆಯೋರು."

"ಹಾಗಾದ್ರೆ ನಮ್ಮ ಜನಾನೇ ಬಿಡು."

ಟೂರು ಕುದುರಿದ ಮೇಲೆ ದನಿ ತಗ್ಗಿಸಿದಳು. ಜೀಪು ನೇರ ದಾರಿ ಬಿಟ್ಟು ಪಶ್ಚಿಮಕ್ಕೊಂದು ಸುತ್ತು ಹಾಕುತ್ತದೆ, ಬೇಸರ ಮಾಡಿಕೊಳ್ಳಬಾರದು. ಆಕೆಯ ಗಂಡನೂ ಡ್ರೈವರು. ಹಿಂದಿನ ಮಳೆಗಾಲದಲ್ಲಿ, ಕೆಟ್ಟುನಿಂತ ಯಾರದೋ ಗಾಡಿಯನ್ನು ಎಳೆದು ತರಲು ಆ ಕಡೆ ಹೋದವನು ತಿರುಗಿ ಬಂದಿರಲಿಲ್ಲ. ಅವನ ಜೀಪೂ ಸಿಕ್ಕಿರಲಿಲ್ಲ. "ಕಿಟಕಿ ಪಕ್ಕ ಕೂತ್ಕೋ. ಕಣ್ಣು ಬಿಟ್ಟು ನೋಡು," ಎಂದಳು.

ಒಳಗೆ ಆಕೆಯ ಅತ್ತೆ ಹಿಟ್ಟು ನಾದುತ್ತಿದ್ದಳು. ಸತ್ತವರ ಹಬ್ಬ ಹತ್ತಿರ ಬಂದಿತ್ತು. ನಮ್ಮ ಪಿತೃಪಕ್ಷದ ಹಾಗೆಯೇ, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮೇಜಿನ ಮೇಲೆ ಎಡೆ ಇಡುತ್ತಾರೆ. ಸೋಂಪಿನ ಬ್ರೆಡ್ಡನ್ನು ಮನುಷ್ಯನ ಆಕಾರದಲ್ಲಿ ಸುಡುತ್ತಾರೆ.

"ನನ್ನ ಮಗ ಹಸಿದಿದಾನೆ ಕಣೇ. ಈ ಸಲ ಇಡು," ಎಂದಳು ಮುದುಕಿ.

"ಬದುಕಿರೋನಿಗೆ ಎಡೆ ಇಟ್ರೆ, ಬರೋನೂ ಬರಲ್ಲ," ಎಂದಳು ಅಕ್ಕ.

ಮರುದಿನ ಜೀಪು ಆ ಸುತ್ತು ಹಾಕಿತು. ಜೊತೆಗಿದ್ದ ಜರ್ಮನ್ ಹುಡುಗರು ಗೊಣಗಿದರು. ನಾನು ಗಾಜಿಗೆ ಹಣೆಯಿಟ್ಟು ನೋಡಿದೆ. ಬಿಳುಪು... ಅದರಾಚೆಗೂ ಬಿಳುಪು. ದೂರದಲ್ಲಿ ಕಪ್ಪಗೆ ಏನೋ ನಿಂತಿತ್ತು. ಜೀಪು ನಿಲ್ಲಿಸಿ ಎಂದು ಕೂಗಿ, ಇಳಿದು ನಡೆದೆ. ಹತ್ತಿರ ಹೋದಷ್ಟೂ ಅದು ಕರಗುತ್ತ ಹೋಗಿ, ಕೊನೆಗೆ ಅಲ್ಲಿ ಬರೀ ಉಪ್ಪು.

"ಬಾ, ದಿನಾ ಯಾರಿಗಾದ್ರೂ ಕಾಣುತ್ತೆ," ಎಂದ ಡ್ರೈವರು.

ಸಂಜೆ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನಮ್ಮನ್ನಲ್ಲ, ನಮ್ಮ ಹಿಂದಿನ ಸೀಟನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. "ಏನೂ ಇರಲಿಲ್ಲ, ಅಕ್ಕಾ," ಎಂದೆ. ಆ 'ಅಕ್ಕಾ' ಮಾತ್ರ ಕನ್ನಡದಲ್ಲೇ ಬಂದಿತ್ತು. ಆಕೆ ಅರ್ಥ ಕೇಳಲಿಲ್ಲ.

ಬೆಳಿಗ್ಗೆ ಬಸ್ಸಿಗೆ ಮುಂಚೆ ಹೇಳಿ ಹೋಗೋಣವೆಂದು ಬಂದರೆ, ಅಂಗಡಿಯ ಮೇಜಿನ ಮೇಲೆ ಟೂರಿನ ಚಿತ್ರಗಳಿರಲಿಲ್ಲ. ಅಕ್ಕ ಬಿಳಿ ಬಟ್ಟೆ ಹಾಸಿ ಎಡೆ ಇಟ್ಟಿದ್ದಳು. ಸಿಗರೇಟು, ಬಿಯರು, ಡ್ರೈವರನ ಕೈಗವಸು, ನಡುವೆ ಬ್ರೆಡ್ಡಿನ ಮನುಷ್ಯ. ಮುದುಕಿ ಸದ್ದಿಲ್ಲದೆ ಅಳುತ್ತಿದ್ದಳು. ಹೋದವರ ಪಾಲನ್ನು ಹೊರಗಿನವರು ತಿನ್ನಬೇಕಂತೆ. ಅಕ್ಕ ಆ ಬ್ರೆಡ್ಡಿನ ಮನುಷ್ಯನನ್ನೆತ್ತಿ ನನ್ನ ಕೈಗಿಟ್ಟಳು. ನಮ್ಮ ಕಡೆ ಕಾಗೆ ಮಾಡುವ ಕೆಲಸ ಅಲ್ಲಿ ನನಗೆ ಬಂತು. ಆಕೆಯ ಕಣ್ಣೆದುರೇ, ಬಿಡದೆ, ಪೂರ್ತಿ ತಿಂದೆ.

ಮತ್ತೆ ಆ ಕಡೆ ಹೋಗಲಿಲ್ಲ. ಫ್ರೀವೇ ಮೇಲೆ ಮಂಜು ಕವಿದ ಬೆಳಿಗ್ಗೆಗಳಲ್ಲಿ ದೂರಕ್ಕೆ ಏನೋ ಕಪ್ಪಗೆ ನಿಂತಂತಾಗುತ್ತದೆ... ವೇಗ ಇಳಿಸುತ್ತೇನೆ.

ಈಗ ನನಗೆ ಸ್ವಂತ ಕೇಟರಿಂಗು ಇದೆ. ಎರಡು ವ್ಯಾನು, ಒಂದು ಮನೆ, ಹೆಂಡತಿ, ಒಬ್ಬ ಮಗಳು. ಆ ಊರಿನಲ್ಲಿ ಒಬ್ಬ ಅಕ್ಕ. ಇದ್ದಾಳೋ ಇಲ್ಲವೋ ಗೊತ್ತಿಲ್ಲ. ಅವಳಿಗೆ ಎಡೆ ಇಟ್ಟಿಲ್ಲ.