ನೆಟ್ಟಗಾದ ತಗಡು

ಮೊನ್ನೆ ಮೊಮ್ಮಗಳು ನನ್ನ ಮಂಚದ ಮೇಲೆ ಕೂತು ಕಾಲುಗುರಿಗೆ ನೇಲ್ ಪಾಲಿಷ್ ಹಚ್ಚಿಕೊಳ್ಳುತ್ತಿದ್ದಳು. ಫ್ಯಾನಿನ ಗಾಳಿಗೆ ಆ ವಾಸನೆ ಬಂದು ಮೂಗಿಗೆ ಹೊಡೆಯಿತು. "ಪ್ಲೀಸ್, ಆಚೆ ಹೋಗಿ ಹಚ್ಚಿಕೋ" ಎಂದೆ. "ಅಜ್ಜಿಗೆ ಎಲ್ಲಾನೂ ಡಿಸ್ಗಸ್ಟಿಂಗ್" ಎಂದು ನಗುತ್ತಾ ಎದ್ದು ಹೋದಳು. ಮಾಗಿದ ಬಾಳೆಹಣ್ಣನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತೆಗೆದಂಥ ಆ ವಾಸನೆ ನನ್ನ ಪಾಲಿಗೆ ಉಗುರಿನದಲ್ಲ, ವಿಮಾನದ್ದು. ಶಿಕಾರಿಪುರದಲ್ಲಿ ನಮ್ಮ ಎದುರುಮನೆಯ ಕಾಕಾ ತಮ್ಮ ಕೈಯಾರೆ ಕಟ್ಟಿದ ವಿಮಾನದ್ದು…

ಐವತ್ತರ ದಶಕದ ಕೊನೆಯ ಮಾತು. ನಾನಾಗ ಕಾನ್ವೆಂಟ್ ಹಾಸ್ಟೆಲಿನಿಂದ ರಜೆಗೆ ಊರಿಗೆ ಬರುವ ಹುಡುಗಿ. ಎದುರುಮನೆಯವರು ನಮಗೆ ನೆಂಟರೇನಲ್ಲ, ಬಾಯಿ ರೂಢಿಗೆ ಕಾಕಾ. ಯುದ್ಧದ ಕಾಲದಲ್ಲಿ ವಿಮಾನ ರಿಪೇರಿ ಮಾಡುವ ಕೆಲಸದಲ್ಲಿದ್ದು, ಆಮೇಲೆ ಊರಿಗೆ ಬಂದು ಪಂಪು, ಮಿಲ್ಲು, ಲಾರಿ ಎಂದು ಸಿಕ್ಕಿದ್ದನ್ನು ಸರಿಮಾಡಿಕೊಂಡಿದ್ದರು. ಅವರ ಹೆಂಡತಿಯನ್ನು ನಾವು ಚಿಗವ್ವ ಎನ್ನುತ್ತಿದ್ದೆವು. ಸೊರಬ ತಾಲ್ಲೂಕಿನ ಆನವಟ್ಟಿಯ ಹೆಣ್ಣು. ನಗು ಬಂದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿಬಿಡುತ್ತಿದ್ದಳು.

ಮಿಲಿಟರಿಯವರು ಹರಾಜು ಹಾಕಿದ ಹಳೆಯ ಎಂಜಿನ್ ಒಂದನ್ನು ಕಾಕಾ ಎಲ್ಲಿಂದಲೋ ಎತ್ತಿನಗಾಡಿಯಲ್ಲಿ ಹೇರಿಸಿಕೊಂಡು ಬಂದ ದಿನದಿಂದ ಆ ಮನೆ ಮನೆಯಾಗಿ ಉಳಿಯಲಿಲ್ಲ. ನಡುಮನೆಯಲ್ಲಿ ವಿಮಾನದ ಒಡಲು, ಪಡಸಾಲೆಯಲ್ಲಿ ಬಾಲ. ಹುಳಿ ಒಡೆದ ಹಾಲಿನ ಗಟ್ಟಿಗೆ ಸುಣ್ಣ ಕಲಸಿ ಮರಕ್ಕೆ ಅಂಟು ಮಾಡುತ್ತಿದ್ದರು. ಅದರ ನಾತಕ್ಕೆ ಬೆಕ್ಕು ಕೂಡ ಒಳಗೆ ಬರುತ್ತಿರಲಿಲ್ಲ. ರೆಕ್ಕೆಯ ಬಟ್ಟೆಯನ್ನು ಹೊಲಿದವಳು ಚಿಗವ್ವನೇ. ಆ ಬಟ್ಟೆ ಬಿಗಿಯಾಗಲೆಂದು ಕಾಕಾ ಬಳಿಯುತ್ತಿದ್ದ ವಾರ್ನಿಷಿಗೆ ಡೋಪ್ ಎಂದು ಹೆಸರು. ಬಾಳೆಹಣ್ಣಿನ ವಾಸನೆ ಅದರದ್ದೇ. ಚಿಗವ್ವ ಅದನ್ನೂ ತಡೆದುಕೊಂಡಳು. ಆದರೆ ರೆಕ್ಕೆಯ ಉದ್ದ ನಡುಮನೆಗೆ ಹಿಡಿಸಲಿಲ್ಲವೆಂದು ಕಾಕಾ ಒಂದು ಬೆಳಗ್ಗೆ ಅಡುಗೆಮನೆಯ ಗೋಡೆ ಒಡೆದು ರೆಕ್ಕೆಯ ತುದಿಯನ್ನು ಒಲೆಯ ಮೇಲಕ್ಕೆ ಹಾಯಿಸಿದರು. ಅವತ್ತು ಅವಳು ಟ್ರಂಕು ಹಿಡಿದು ಹೊರಟುಹೋದಳು.

ಮಾವನ ಮನೆಯಿಂದ ಹೇಳಿಕೆ ಬಂತು: "ಗೋಡೆ ಒಡಿಯೋನ ಮನೀಗೆ ಮಗಳನ್ನ ಕಳ್ಸಲ್ಲ. ಹಾರ್ತೈತಿ ಹಾರ್ತೈತಿ ಅಂತಾನಲ್ಲ, ಹಾರಿಸ್ಕೊಂಡು ಆನವಟ್ಟಿಗೆ ಬರ್ಲಿ. ಅವತ್ತೇ ಕಳಿಸ್ತೀನಿ."

ಯಾರೇ ಆದರೂ ಇದನ್ನು ಸಿಟ್ಟಿನ ಮಾತು ಎಂದು ತಿಳಿಯುತ್ತಿದ್ದರು. ಕಾಕಾ ಪಂಥ ಎಂದು ತಿಳಿದರು. ವಿಮಾನದಲ್ಲಿ ಎರಡು ಸೀಟು ಮಾಡಿದರು. ಹಿಂದಿನದಕ್ಕೆ ಹೊಸ ಹತ್ತಿಯ ದಿಂಬು.

ಆ ಬೇಸಿಗೆಯ ರಜೆಯಲ್ಲಿ ನಾನು ಮಜ್ಜಿಗೆ ತೆಗೆದುಕೊಂಡು ಹೋಗುವ ನೆಪದಲ್ಲಿ ಊರಾಚೆಯ ಗೋಮಾಳಕ್ಕೆ ಹೋಗುತ್ತಿದ್ದೆ. ಅಲ್ಲಿ ಕಾಕಾ ವಿಮಾನವನ್ನು ಓಡಿಸಿ, ತೆಂಗಿನಮರದೆತ್ತರ ಎಬ್ಬಿಸಿ, ತಿರುಗಿ ಇಳಿಸುತ್ತಿದ್ದರು. ಇಳಿದವರು ತೋಳು ನೀವಿಕೊಳ್ಳುತ್ತಾ ಕೂರುತ್ತಿದ್ದರು.

"ಮೂಗು ಎತ್ತತೈತವ್ವ ಇದು, ನಿಮ್ಮ ದೊಡ್ಡಪ್ಪನಂಗೆ" ಎಂದರು ಒಮ್ಮೆ. "ಎರಡೂ ಕೈಲಿ ನಡೆಸೋ ಕೋಲನ್ನ ಮುಂದಕ್ಕೆ ಒತ್ತಿ ಹಿಡೀಬೇಕು. ಗೋಮಾಳ ಸುತ್ತೋದು ಸರಿ. ಆನವಟ್ಟಿ ತನಕ ಹಿಂಗೇ ಒತ್ಕೊಂಡು ಹೋದ್ರೆ ತೋಳು ಕಳಚಿ ಬೀಳ್ತಾವೆ."

ಹಾಗೆ ಒತ್ತದೆಯೇ ವಿಮಾನ ತಾನಾಗಿ ಸಮಕ್ಕೆ ಹೋಗುವಂತೆ ಮಾಡುವುದಕ್ಕೆ ಟ್ರಿಮ್ ಎನ್ನುತ್ತಾರೆಂದು ನಾನು ಕಲಿತದ್ದು ಆಗಲೇ. ಮೊದಲು ಕಾಕಾ ಸೈಕಲ್ ಟ್ಯೂಬಿನ ಪಟ್ಟಿಯನ್ನು ಕೋಲಿಗೆ ಕಟ್ಟಿ ಮುಂದಕ್ಕೆ ಜಗ್ಗಿಸಿದರು. ಬಿಸಿಲಿಗೆ ಅದು ಸಡಿಲವಾಯಿತು. ಆಮೇಲೆ ಬಾಲದಲ್ಲಿ ಮೇಲೆ-ಕೆಳಗೆ ಆಡುವ ಹಲಗೆಯ ಹಿಂಬದಿಗೆ ಅಂಗೈಯಷ್ಟು ಅಲ್ಯುಮಿನಿಯಂ ತಗಡು ಕೂಡಿಸಿದರು. ಆ ತಗಡನ್ನು ತುಸು ಮೇಲಕ್ಕೆ ಬಗ್ಗಿಸಿದರೆ ಗಾಳಿ ಅದನ್ನು ಒತ್ತಿ ಹಲಗೆಯನ್ನು ಕೆಳಕ್ಕೆ ತಳ್ಳುತ್ತದೆ, ಆಗ ಮೂಗು ತಗ್ಗುತ್ತದೆ. ಬಗ್ಗಿಸುವುದು, ಹಾರಿ ನೋಡುವುದು, ಇಳಿದು ಇನ್ನಷ್ಟು ಬಗ್ಗಿಸುವುದು… ಸಾರಿಗೆ ಉಪ್ಪು ನೋಡಿದ ಹಾಗೆ. ಕೊನೆಗೊಂದು ದಿನ ಇಳಿದವರೇ ಎರಡೂ ಕೈ ಮೇಲೆತ್ತಿ ತೋರಿಸಿದರು. ಕೋಲು ಬಿಟ್ಟು ಕೂತರೂ ನೆಟ್ಟಗೆ ಹೋಗಿತ್ತಂತೆ. ಟ್ಯೂಬಿನ ಪಟ್ಟಿಯನ್ನು ಬಿಚ್ಚಿ ಎಸೆದರು. ಹಾರಿಕೊಂಡು ಬರುವ ದಿನ ಗೊತ್ತುಮಾಡಿ ಆನವಟ್ಟಿಗೆ ಹೇಳಿಕೆ ಹೋಯಿತು.

ಇನ್ನು ನಮ್ಮ ದೊಡ್ಡಪ್ಪನ ವಿಷಯ. ಅಪ್ಪನ ಅಣ್ಣ, ಮನೆಯ ಯಜಮಾನ. ಊರಿನಲ್ಲಿ ಹೊಸ ಗಾಡಿ ಬರಲಿ, ಪಂಪು ಬರಲಿ, ಕರೆಯದಿದ್ದರೂ ಹೋಗಿ ಪೂಜೆ ಮಾಡಿಸಿ ಮೊದಲ ಕಾಯಿ ತಾನೇ ಒಡೆಯಬೇಕು. ಅಲ್ಲಿಯವರೆಗೆ ಕಾಕಾನನ್ನು ಹುಚ್ಚ ಎಂದು ಆಡಿಕೊಂಡವರು ಆ ಬೆಳಗ್ಗೆ ರೇಷ್ಮೆ ಶಲ್ಯ ಹೊದ್ದು ಗೋಮಾಳದಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದರು. ಊರಿಗೆ ಊರೇ ಬಂದಿತ್ತು. ಯಾರೋ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರಲು ಶುರುಮಾಡಿದ್ದರು.

ಕಾಕಾ ಬೆಳಗ್ಗೆಯೇ ಬಾಲದಿಂದ ಮೂಗಿನವರೆಗೆ ಎಲ್ಲವನ್ನೂ ಮುಟ್ಟಿ ನೋಡಿ, ಬಟ್ಟೆ ಬದಲಿಸಲು ಆಚೆ ಹೋಗಿದ್ದರು. ದೊಡ್ಡಪ್ಪ ವಿಮಾನಕ್ಕೆ ವಿಭೂತಿ ಬಳಿಸುತ್ತಾ, ಹೂ ಮುಡಿಸುತ್ತಾ ಹಿಂದಕ್ಕೆ ಬಂದವರು ಬಾಲದ ಬಳಿ ನಿಂತುಬಿಟ್ಟರು.

"ಇಲ್ಲಿ ಸೊಟ್ಟ ಆಗೈತಲ್ಲ! ಊನ ಇರೋದಕ್ಕೆ ಆರತಿ ಎತ್ತಬಾರ್ದು."

ಒಡೆದ ಮೂರ್ತಿಗೆ ಪೂಜೆಯಿಲ್ಲ, ಬಾಯಿ ಮುಕ್ಕಾದ ಕಳಸಕ್ಕೆ ನೀರು ತುಂಬುವುದಿಲ್ಲ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ನೇಮ. ಆ ನೇಮವನ್ನು ವಿಮಾನಕ್ಕೂ ಹಾಕಿದರು. ಕಾಯಿ ಒಡೆಯಲು ತಂದಿದ್ದ ಮಚ್ಚಿನ ಹಿಡಿಯಿಂದ ಆ ತಗಡನ್ನು ತಟ್ಟತೊಡಗಿದರು. ತಟ್ಟಿ, ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ತಟ್ಟಿ…

"ದೊಡ್ಡಪ್ಪ, ಬೇಡ! ಕಾಕಾ ಬೇಕಂತಲೇ ಬಗ್ಗಿಸಿರೋದು ಅದು" ಎಂದು ನಾನು ಕೂಗಿದೆ.

"ಬೇಕಂತ ಯಾರಾರ ಸೊಟ್ಟ ಮಾಡ್ತಾರೇನು? ಕಾನ್ವೆಂಟಿಗೆ ಕಳಿಸಿದ್ದಕ್ಕೆ ಬಾಯಿ ಬಂತು ನೋಡು ಇದಕ್ಕೆ" ಎಂದರು. ಸುತ್ತ ನಿಂತವರೆಲ್ಲ ನಕ್ಕರು. ನಾನು ಕಾಕಾನ ಕಡೆ ಓಡಲು ಹೊರಟರೆ ಅವ್ವ ಜಡೆ ಹಿಡಿದು ನಿಲ್ಲಿಸಿದಳು. "ಗಂಡಸ್ರ ನಡುವೆ ಎಲ್ಲಿಗೆ ನುಗ್ತೀಯ? ಸುಮ್ನಿರು!" ಕಾಕಾ ಬಂದಾಗ ಡೊಳ್ಳು ಬಡಿಯುತ್ತಿತ್ತು. ಅವರು ಅಭ್ಯಾಸದಂತೆ ಬಾಲದ ಕಡೆಗೆ ತಿರುಗಿದ್ದನ್ನೂ ಕಂಡೆ. ದೊಡ್ಡಪ್ಪ ಬೆನ್ನ ಮೇಲೆ ಕೈಯಿಟ್ಟು ತಿರುಗಿಸಿದರು. "ರಾಹುಕಾಲ ಬರ್ತೈತಿ, ಹತ್ತಪಾ ಲಗೂನ." ನಾನು ಕೂಗುತ್ತಲೇ ಇದ್ದೆ. ಎಂಜಿನ್ ಶುರುವಾಯಿತು.

ನೆಲ ಬಿಟ್ಟ ಕೂಡಲೇ ಮೂಗು ಎದ್ದಿತು. ಕಾಕಾನ ಒಂದೇ ಕೈ ಕೋಲಿನ ಮೇಲೆ ಇತ್ತೇನೋ. ಇನ್ನೊಂದು ಕೈ ಜನರತ್ತ ಬೀಸುತ್ತಿತ್ತು. ಮೂಗು ಇನ್ನೂ ಎದ್ದಿತು, ವಿಮಾನ ಹೆದರಿದ ಕುದುರೆಯಂತೆ ನಿಂತೇಬಿಟ್ಟಿತು. ಆಮೇಲೆ ಒಂದು ರೆಕ್ಕೆ ತಗ್ಗಿ… ಮರ ಮುರಿಯುವ ಸದ್ದು ಕೇಳಿತು.

ಕಾಕಾ ಬದುಕಿದರು, ಸೊಂಟ ಮುರಿಯಿತು. ಅವರನ್ನು ಗಾಡಿಗೆ ಹಾಕಿ ಆಸ್ಪತ್ರೆಗೆ ಒಯ್ಯುವುದೇ ತಡ, ಜನ ವಿಮಾನದ ಮೇಲೆ ಬಿದ್ದರು. ಕೋಳಿಗೂಡಿಗೆ ಒಬ್ಬ ಮರದ ಪಟ್ಟಿ ಕಿತ್ತರೆ, ಇನ್ನೊಬ್ಬ ಚಕ್ರ ಬಿಚ್ಚಿದ. ಬಜ್ಜಿ ತಿಂದ ಎಣ್ಣೆಗೈಯನ್ನು ಅದೇ ರೆಕ್ಕೆಗೆ ಒರೆಸಿದವರನ್ನೂ ಕಂಡೆ. ಕಾನ್ವೆಂಟಿನ ಸಿಸ್ಟರ್ ಒಬ್ಬರು ಮನುಷ್ಯರನ್ನು ಪ್ರಾಣಿಗಳಿಗೆ ಹೋಲಿಸಬಾರದು ಎನ್ನುತ್ತಿದ್ದರು. ಸರಿಯೇ, ಪ್ರಾಣಿಗಳಿಗೆ ಅವಮಾನ. ದೊಡ್ಡಪ್ಪ ಏನು ತಂದರು ಗೊತ್ತೇ? ರೆಕ್ಕೆಯ ಬಟ್ಟೆ. ನೀರು ಹಿಡಿಯುವುದಿಲ್ಲ, ಗಟ್ಟಿ ಇದೆ ಎಂದು ಮಾಳಿಗೆಯ ಮೇಲೆ ಹಾಸಿ ಸಂಡಿಗೆ ಇಡಿಸಿದರು. ಚಿಗವ್ವನ ಹೊಲಿಗೆ ಸಾಲುಸಾಲಾಗಿ ಕಾಣುತ್ತಿದ್ದ ಬಟ್ಟೆಯ ಮೇಲೆ ನಮ್ಮ ಮನೆಯ ಸಂಡಿಗೆ! ಊಟದಲ್ಲಿ ಒಂದನ್ನು ಕಡಿದೆ. ಡೋಪಿನ ವಾಸನೆ ಬಂತು. ಬಚ್ಚಲಿಗೆ ಓಡಿ ಎಲ್ಲವನ್ನೂ ಕಾರಿಕೊಂಡೆ. ಒಳಗೆ ದೊಡ್ಡಪ್ಪ ಕರುಂ ಕುರುಂ ಎಂದು ತಿನ್ನುತ್ತಿದ್ದ ಸದ್ದು ಕೇಳುತ್ತಲೇ ಇತ್ತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಏನೋ. ಊರ ಹಿರಿಯರೆಂದು ಆನವಟ್ಟಿಗೂ ಹೋದರು. "ನಿಮ್ಮ ಅಳಿಯನ ಕೈಯಾಗೇ ಊನ ಐತಿ. ಬಾಲ ಸೊಟ್ಟ ಇತ್ತು, ನಾನೇ ಕಣ್ಣಾರೆ ನೋಡೀನಿ. ಮಗಳನ್ನ ಕಳಿಸಬ್ಯಾಡ್ರಿ" ಎಂದು ಹೇಳಿ, ಅವರ ಮನೆಯಲ್ಲಿ ಹೋಳಿಗೆ ಉಂಡು ಬಂದರು. ಅದನ್ನು ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡರು ಕೂಡ.

ಆಸ್ಪತ್ರೆಯಲ್ಲಿ ಕಾಕಾನಿಗೆ ನಾನೇ ನಡೆದದ್ದೆಲ್ಲವನ್ನೂ ಹೇಳಿದೆ. ಅವರು ಸೂರು ನೋಡುತ್ತಾ ಮಲಗಿದ್ದರು.

"ಬಿದ್ದಾಗಲೇ ತಗಡು ನೋಡ್ದೆ ಕಣವ್ವ. ಹಸೆಮಣೆಯಂಗೆ ಚಪ್ಪಟೆ ಆಗಿತ್ತು."

"ಹಂಗಾದ್ರೆ ಎಲ್ಲಾರಿಗೂ ಹೇಳ್ರಿ ಕಾಕಾ. ಚಿಗವ್ವಂಗೆ ಹೇಳಿ ಕಳಿಸ್ರಿ."

"ಬಾಯಿಮಾತು ಯಾಕೆ? ಇನ್ನೊಂದು ಕಟ್ತೀನಿ. ಅದ್ರಾಗೇ ಹೋಗಿ ಕರ್ಕೊಂಡು ಬರ್ತೀನಿ. ಈ ಸಲ ತಗಡನ್ನ ಒಳಗೆ ಕೂತೇ ತಿರುಗಿಸೋ ಹಂಗೆ ಮಾಡ್ತೀನಿ. ಹೊರಗಿನೋರು ಮುಟ್ಟಿದ್ರೂ ಅಲ್ಲಾಡಬಾರ್ದು."

ಮಾಡಿದರು ಕೂಡ. ಸೀಟಿನ ಪಕ್ಕದಲ್ಲಿ ಒಂದು ಪುಟ್ಟ ಚಕ್ರ, ಅದರಿಂದ ಬಾಲದವರೆಗೆ ಎರಡು ತಂತಿ. ಚಕ್ರ ತಿರುಗಿಸಿದರೆ ಬಾಲದ ತಗಡು ಏಳುತ್ತಿತ್ತು, ಇಳಿಯುತ್ತಿತ್ತು. ತಂತಿ ಜೋಲಿತು, ಬದಲಿಸಿದರು. ರಾಟೆ ತುಕ್ಕು ಹಿಡಿಯಿತು, ಬೇರೆ ಹಾಕಿದರು. ಬಾಲವೊಂದನ್ನೇ ಕಟ್ಟುತ್ತಾ, ಬಿಚ್ಚುತ್ತಾ… ನನ್ನ ಮದುವೆಯಾಯಿತು. ರಜೆಗೆ ಮಕ್ಕಳನ್ನು ಕರೆದುಕೊಂಡು ಹೋದಾಗಲೂ ಪಡಸಾಲೆಯಲ್ಲಿ ಬಾಲವೇ ಇತ್ತು. ರೆಕ್ಕೆ ಇನ್ನೂ ಹುಟ್ಟಿರಲಿಲ್ಲ. ಕುಂಟುತ್ತಾ ಬಂದು ಮಕ್ಕಳ ಕೈಯಲ್ಲಿ ಆ ಚಕ್ರ ತಿರುಗಿಸಿ ತೋರಿಸುತ್ತಿದ್ದರು. ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು.

ದೊಡ್ಡಪ್ಪನೂ ಹೋದಮೇಲೆ, ಯಾವುದೋ ಮದುವೆಗೆಂದು ಆನವಟ್ಟಿಗೆ ಹೋದವಳು ಚಿಗವ್ವನನ್ನು ಹುಡುಕಿಕೊಂಡು ಹೋದೆ. ತಮ್ಮನ ಮನೆಯ ಹಿತ್ತಲಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗೆ. "ಅವರ ಕೈಯಲ್ಲಿ ಊನ ಇರ್ಲಿಲ್ಲ ಚಿಗವ್ವ" ಎಂದು ಶುರುಮಾಡಿ ತಗಡು, ಮಚ್ಚು, ರಾಹುಕಾಲ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಲೇ ಇದ್ದಳು.

"ಅವ್ರ ಕೈ ನಂಗೊತ್ತಿಲ್ವೇನವ್ವ? ನಿಮ್ ದೊಡ್ಡಪ್ಪನ ಮಾತು ನಮ್ಮಪ್ಪ ನಂಬಿದ. ನಾನು ನಂಬಲಿಲ್ಲ. ಹಾರ್ಕೊಂಡು ಬಾ ಅಂದೋನೂ ನಮ್ಮಪ್ಪನೇ, ನಾನು ಅಂದಿರ್ಲಿಲ್ಲ" ಎಂದಳು. ಬಿಡಿಸಿದ ಸೊಪ್ಪನ್ನು ಮೊರಕ್ಕೆ ಹಾಕಿದಳು. "ದಿನಾ ಬೆಳಗ್ಗೆ ಶಿಕಾರಿಪುರದ ಬಸ್ಸು ಇಲ್ಲೇ ನಮ್ಮನೆ ಮುಂದೇನೆ ನಿಲ್ತಿತ್ತು. ಇಳಿಯೋರನ್ನೆಲ್ಲಾ ನೋಡ್ತಿದ್ದೆ. ಒಂದ್ಸಲ ಬಂದು ಬಾರೇ ಅಂದಿದ್ರೆ, ಕಾಲಿಗೆ ಚಪ್ಪಲಿ ಹಾಕ್ಕೊಳ್ದೆ ಹೋಗ್ತಿದ್ದೆ."

"ನೀವೇ ಹತ್ತಿ ಬರಬಹುದಿತ್ತಲ್ಲ?"

"ಬಿಟ್ಟುಬಂದೋಳು ಕರೀದೇ ಹೋದ್ರೆ ನಿಮ್ಮ ಓಣಿಯೋರು ಒಳಗೆ ಬಿಟ್ಕೊಳ್ತಿದ್ರಾ? ನಿಜ ಹೇಳು."

ನಾನೂ ಒಂದು ಹಿಡಿ ಮೆಂತ್ಯ ಎಳೆದುಕೊಂಡು ಬಿಡಿಸತೊಡಗಿದೆ.

ಹೋದ ವರ್ಷ ಚಿಗವ್ವನೂ ಹೋದಳು. ಈಗ ಇದನ್ನೆಲ್ಲ ಹೇಳಿದರೆ ಹೌದು ಎನ್ನುವವರು ಒಬ್ಬರೂ ಉಳಿದಿಲ್ಲ. ತವರಿನಲ್ಲಿ ದೊಡ್ಡಪ್ಪನ ಫೋಟೋಗೆ ಹಬ್ಬ ಹಬ್ಬಕ್ಕೂ ಹಾರ ಬೀಳುತ್ತದೆ. ನಾನು ಆ ಕೋಣೆಗೆ ಹೋಗುವುದಿಲ್ಲ. ಎಕ್ಸ್‌ಕ್ಯೂಸ್ ಮಿ, ಮಂಡಿ ನೋವು ಎಂದು ಹೊರಗೇ ಕೂರುತ್ತೇನೆ. ಕಾಕಾನದು ಒಂದು ಫೋಟೋ ಕೂಡ ಎಲ್ಲಿಯೂ ಇಲ್ಲ. ಇದ್ದಿದ್ದರೆ ಹಾರ ನಾನೇ ಹಾಕುತ್ತಿದ್ದೆ. ಹಾಕಿ, ಎದುರಿಗೆ ನಿಂತು, ಇಷ್ಟು ವರ್ಷದ ಅಸಹ್ಯವನ್ನೆಲ್ಲ ಒಟ್ಟುಗೂಡಿಸಿ ಅವರಿಗೂ ಒಂದು ಪಾಲು ಬೈಯುತ್ತಿದ್ದೆ: ಬಸ್ಸು ಇತ್ತಲ್ರೀ ಕಾಕಾ… ದಿನಾ ಇತ್ತಲ್ರೀ.